ಕೋರ್ಸುಗಳ ಗೊಂದಲ: ನಗರ ಯೋಜನೆಯ ವಿದ್ಯಾರ್ಥಿನಿಯೊಬ್ಬರ ಆಪ್ತಸಲಹೆ ಪ್ರಕರಣ

ಇಲ್ಲಿ ಶ್ವೇತಾ ಎಂದು ಕರೆದಿರುವ ವಿದ್ಯಾರ್ಥಿನಿ ನಗರ ಮತ್ತು ಪರಿಸರ ಯೋಜನೆಯ ಸ್ನಾತಕೋತ್ತರ ಕೋರ್ಸಿನ (ಎಂ.ಪ್ಲಾನ್) ಮೂರನೆಯ ಸೆಮಿಸ್ಟರಿನಲ್ಲಿದ್ದರು. ಗುರುತು ಸಿಗದಂತೆ ಊರು ಮತ್ತು ಮನೆಯ ವಿವರಗಳನ್ನು ಬದಲಿಸಿದ್ದೇನೆ. ಸಿವಿಲ್ ಎಂಜಿನಿಯರಿಂಗ್ ಮುಗಿಸಿ, ಬ್ಯಾಂಕಿನಲ್ಲಿ ಶಿಕ್ಷಣ ಸಾಲ ಪಡೆದು ಬೆಂಗಳೂರಿಗೆ ಬಂದವರು ಅವರು. ನಿದ್ದೆ ಬರುತ್ತಿಲ್ಲ, ಸ್ಟುಡಿಯೋ ಕೆಲಸದಲ್ಲಿ, ಅಂದರೆ ಕೋರ್ಸಿನ ಪ್ರಾಯೋಗಿಕ ಯೋಜನಾ ಕೆಲಸದಲ್ಲಿ, ಮನಸ್ಸು ನಿಲ್ಲುತ್ತಿಲ್ಲ ಎಂದು ನನ್ನ ಬಳಿ ಬಂದರು. ಮಾತು ಮುಂದುವರಿದಂತೆ ಬೇರೆ ಸಂಗತಿಗಳು ಹೊರಬಂದವು. ವಾರಾಂತ್ಯದ ಜಿಐಎಸ್ (ಕಂಪ್ಯೂಟರಿನಲ್ಲಿ ನಕ್ಷೆ ತಯಾರಿಸುವ ವಿದ್ಯೆ) ಡಿಪ್ಲೊಮಾಕ್ಕೆ ಮೊದಲ ಕಂತು ಕಟ್ಟಿದ್ದರು, ಪರಿಸರ ಪರಿಣಾಮ ಅಧ್ಯಯನದ ಆನ್‌ಲೈನ್ ಸರ್ಟಿಫಿಕೇಟ್ ಕೋರ್ಸಿಗೆ ಹೆಸರು ಕೊಟ್ಟಿದ್ದರು, ದೂರಶಿಕ್ಷಣದ ಎಂಬಿಎಗೆ ಅರ್ಜಿ ತುಂಬಿಟ್ಟಿದ್ದರು. ಇದರ ಮೇಲೆ, ವಿದೇಶಕ್ಕೆ ಹೋಗಿ ಇನ್ನೊಂದು ಮಾಸ್ಟರ್ಸ್ ಮಾಡು ಎಂದು ಚಿಕ್ಕಪ್ಪ ಪ್ರತಿ ಭಾನುವಾರ ಫೋನ್ ಮಾಡುತ್ತಿದ್ದರು.

“ಮೇಡಂ, ನಮ್ಮ ಬ್ಯಾಚಿನವರೆಲ್ಲ ಏನಾದರೊಂದು ಎಕ್ಸ್‌ಟ್ರಾ ಮಾಡ್ತಿದ್ದಾರೆ. ಎಂ.ಪ್ಲಾನ್ ಒಂದನ್ನೇ ಹಿಡ್ಕೊಂಡು ಹೋದ್ರೆ ಕೆಲಸ ಯಾರು ಕೊಡ್ತಾರೆ?” ಎಂಬುದು ಅವರ ಪ್ರಶ್ನೆ.

ಇಂತಹ ಹೊತ್ತಿನಲ್ಲಿ ಕೋರ್ಸುಗಳ ಪಟ್ಟಿ ಹಿಡಿದು ಕುಳಿತರೆ ಆತಂಕ ಹೆಚ್ಚುತ್ತದೆಯೇ ಹೊರತು ಇಳಿಯುವುದಿಲ್ಲ. ಆದ್ದರಿಂದ ಹಿಂದಿನ ರಿವ್ಯೂನಲ್ಲಿ ಮಂಡಿಸಿದ್ದ ನಕ್ಷೆಯನ್ನು ತರಲು ಹೇಳಿದೆ. ಅದು ಬೆಂಗಳೂರಿನ ಹೊರವಲಯದ ಕೆರೆಯೊಂದರ ಸುತ್ತಲಿನ ಭೂಬಳಕೆಯ ನಕ್ಷೆ. ಹಳೆಯ ಗ್ರಾಮ ನಕ್ಷೆಯನ್ನು ಉಪಗ್ರಹ ಚಿತ್ರದ ಮೇಲೆ ಸರಿಯಾಗಿ ಕೂರಿಸಿ, ಸರ್ವೆ ನಂಬರುಗಳ ಗಡಿಯನ್ನೂ ರಾಜಕಾಲುವೆಯ ಕವಲುಗಳನ್ನೂ ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ಅಚ್ಚುಕಟ್ಟಾಗಿ ಗುರುತಿಸಿದ್ದರು. ಕೆರೆಯಂಚಿನಿಂದ 75 ಮೀಟರ್ ಅಗಲದ, ಕಟ್ಟಡ ಕಟ್ಟಬಾರದ ಹಸಿರು ಪಟ್ಟಿಯನ್ನೂ ಎಳೆದಿದ್ದರು. ಈ 75 ಮೀಟರ್ ಎಲ್ಲಿಂದ ಬಂತು ಎಂದು ಹೊರಗಿನಿಂದ ಬಂದ ಪರೀಕ್ಷಕರು ಕೇಳಿದ್ದರು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿ ಬೆಂಗಳೂರಿನ ಕೆರೆಗಳಿಗೆ ಆ ಮಿತಿ ವಿಧಿಸಿದ್ದು ಶ್ವೇತಾ ಅವರಿಗೆ ಗೊತ್ತಿತ್ತು. ಸುಪ್ರೀಂ ಕೋರ್ಟ್ 2019ರ ಮಾರ್ಚ್‌ನಲ್ಲಿ ಅದನ್ನು ರದ್ದುಗೊಳಿಸಿ, ಬೆಂಗಳೂರಿನ ಮಹಾಯೋಜನೆ (ಮಾಸ್ಟರ್ ಪ್ಲಾನ್) 2015ರಲ್ಲಿದ್ದ 30 ಮೀಟರಿನ ಮಿತಿಗೇ ಮರಳುವಂತೆ ಮಾಡಿದ್ದು ಗೊತ್ತಿರಲಿಲ್ಲ. ಪಟ್ಟಿಯೊಳಗೆ ಸೇರಿಹೋದ ಖಾಸಗಿ ಜಮೀನಿನವರಿಗೆ ಯಾವ ಕಾನೂನಿನ ಯಾವ ಕಲಮನ್ನು ತೋರಿಸುತ್ತೀರಿ ಎಂಬ ಎರಡನೆಯ ಪ್ರಶ್ನೆಗೆ ಅವರು ತರಗತಿಯ ಎದುರು ಸುಮ್ಮನೆ ನಿಂತುಬಿಟ್ಟಿದ್ದರು. ಜಿಐಎಸ್ ಡಿಪ್ಲೊಮಾಕ್ಕೆ ಹಣ ಕಟ್ಟಿದ್ದು ಅದೇ ದಿನ ಸಂಜೆ. ಪೆಟ್ಟು ಬಿದ್ದದ್ದು ಮೊಣಕಾಲಿಗೆ, ಮುಲಾಮು ಹಚ್ಚಿಕೊಂಡದ್ದು ಮೊಣಕೈಗೆ.

ಇದನ್ನು ನಾನು ಹೇಳಲಿಲ್ಲ. ರಿವ್ಯೂ ನಡೆದ ದಿನಾಂಕವನ್ನೂ ರಸೀದಿಯ ದಿನಾಂಕವನ್ನೂ ಒಂದರ ಪಕ್ಕ ಒಂದು ಬರೆಯಲು ಹೇಳಿದಾಗ ಅವರೇ ಕಂಡುಕೊಂಡರು. ತಮಗೆ ಕೊರತೆಯಿರುವುದು ನಕ್ಷೆ ತಯಾರಿಕೆಯಲ್ಲಲ್ಲ, ನಕ್ಷೆಯ ಹಿಂದಿರುವ ಕಾನೂನಿನಲ್ಲಿ ಎಂಬುದು ಸ್ಪಷ್ಟವಾದ ಮೇಲೆ ಉಳಿದ ಮಾತುಕತೆ ಸುಲಭವಾಯಿತು.

ನಾನು ಕೊಟ್ಟ ಸಲಹೆ ಹೀಗಿತ್ತು. ಜಿಐಎಸ್ ಡಿಪ್ಲೊಮಾವನ್ನು ಇಲ್ಲಿಗೇ ನಿಲ್ಲಿಸುವುದು. ಕಟ್ಟಿದ ಕಂತು ಹಿಂತಿರುಗದಿದ್ದರೂ, ಎಂ.ಪ್ಲಾನ್ ಪ್ರಬಂಧ ಬರೆಯಬೇಕಾದ ಶನಿವಾರ, ಭಾನುವಾರಗಳನ್ನೂ ಅದಕ್ಕಾಗಿ ಕಳೆದುಕೊಳ್ಳುವುದರಲ್ಲಿ ಅರ್ಥವಿಲ್ಲ. ಕ್ಯೂಜಿಐಎಸ್ ಉಚಿತ ತಂತ್ರಾಂಶ; ದೂರಸಂವೇದಿಯಲ್ಲಿ (ಉಪಗ್ರಹ ಚಿತ್ರಗಳನ್ನು ಬಳಸುವ ವಿದ್ಯೆ) ಇನ್ನಷ್ಟು ಕಲಿಯಬೇಕೆನಿಸಿದರೆ ಡೆಹ್ರಾಡೂನಿನ ಭಾರತೀಯ ದೂರಸಂವೇದಿ ಸಂಸ್ಥೆ ನಡೆಸುವ ಆನ್‌ಲೈನ್ ಕೋರ್ಸುಗಳು ಸಾಕು. ಕಾನೂನಿನ ವಿಷಯಕ್ಕೆ, ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ ದೂರಶಿಕ್ಷಣದಲ್ಲಿ ನೀಡುತ್ತಿರುವ ಪರಿಸರ ಕಾನೂನಿನ ಸ್ನಾತಕೋತ್ತರ ಡಿಪ್ಲೊಮಾ ಅವರಿಗೆ ಹೊಂದುತ್ತದೆ. ಯುಜಿಸಿ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ, ತರಗತಿಗೆ ಹೋಗಿ ಓದುವ ಒಂದು ಕೋರ್ಸಿನ ಜೊತೆಗೆ ಮಾನ್ಯತೆ ಪಡೆದ ದೂರಶಿಕ್ಷಣದ ಇನ್ನೊಂದನ್ನು ಮಾಡಬಹುದು. ಪಿಎಚ್‌ಡಿಗೆ ಮಾತ್ರ ಇದು ಅನ್ವಯಿಸುವುದಿಲ್ಲ. ನಿಯಮ ಅವಕಾಶ ಕೊಟ್ಟರೂ, ಪ್ರಬಂಧ ಒಪ್ಪಿಸಿದ ಮೇಲೆ ಸೇರುವುದೇ ಒಳ್ಳೆಯದು ಎಂದೆ. ಅಲ್ಲಿಯವರೆಗೆ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961 ಅನ್ನು ಮೂಲದಲ್ಲೇ ಓದಿ, ಪ್ರಬಂಧದಲ್ಲಿ ಕಾನೂನಿಗೆಂದೇ ಒಂದು ಅಧ್ಯಾಯ ಸೇರಿಸಲು ಮಾರ್ಗದರ್ಶಕರನ್ನು ಕೇಳಬೇಕೆಂದು ಸೂಚಿಸಿದೆ.

ಪರಿಸರ ಪರಿಣಾಮ ಅಧ್ಯಯನದ ಕೋರ್ಸಿನ ಬಗ್ಗೆ ಸ್ವಲ್ಪ ಹೆಚ್ಚು ಮಾತಾಡಬೇಕಾಯಿತು, ಏಕೆಂದರೆ ಅದರ ಜಾಹೀರಾತು ಸರ್ಟಿಫಿಕೇಟ್ ಕೈಗೆ ಬಂದೊಡನೆ ಸಲಹೆಗಾರರಾಗಬಹುದು ಎಂಬಂತಿತ್ತು. ಕೇಂದ್ರ ಸರ್ಕಾರದ 2006ರ ಪರಿಸರ ಪರಿಣಾಮ ಅಧ್ಯಯನದ ಅಧಿಸೂಚನೆಯಡಿ ಯೋಜನೆಗಳಿಗೆ ಪರಿಸರ ಅನುಮತಿ ಕೋರುವಾಗ ವರದಿ ತಯಾರಿಸುವ ಸಲಹಾ ಸಂಸ್ಥೆಗಳು ಭಾರತೀಯ ಗುಣಮಟ್ಟ ಮಂಡಳಿಯ ಮಾನ್ಯತಾ ಅಂಗವಾದ ನ್ಯಾಬೆಟ್‌ನಿಂದ ಮಾನ್ಯತೆ ಪಡೆದಿರಬೇಕು, ಮತ್ತು ಆ ಸಂಸ್ಥೆಗಳಲ್ಲಿನ ವಿಷಯತಜ್ಞರನ್ನು ವಿದ್ಯಾರ್ಹತೆಯ ಜೊತೆಗೆ ಅನುಭವವನ್ನೂ ನೋಡಿ ಒಪ್ಪಲಾಗುತ್ತದೆ. ಭೂಬಳಕೆ ಅಂತಹ ವಿಷಯಗಳಲ್ಲೊಂದು. ಯೋಜನೆ ಓದಿದವರಿಗೆ ಅದು ಸಹಜವಾದ ದಾರಿ. ಹಾಗಾಗಿ ಸರ್ಟಿಫಿಕೇಟಿಗಿಂತ ಮಾನ್ಯತೆಯಿರುವ ಸಂಸ್ಥೆಯೊಂದರಲ್ಲಿ ಬೇಸಿಗೆಯ ಇಂಟರ್ನ್‌ಶಿಪ್ ಹುಡುಕುವುದು ಲೇಸು.

ಎಂಬಿಎ ವಿಷಯ ಬೇಗ ಮುಗಿಯಿತು. ಏಕೆ ಬೇಕು ಎಂದು ಕೇಳಿದಾಗ ಅವರ ಬಳಿ ಉತ್ತರವಿರಲಿಲ್ಲ. ಅದಕ್ಕಿಂತ ಮುಖ್ಯವಾದ ಒಂದು ಕೆಲಸವನ್ನು ಅವರು ಮಾಡಿಯೇ ಇರಲಿಲ್ಲ: 1951ರಲ್ಲಿ ಸ್ಥಾಪನೆಯಾದ ಭಾರತೀಯ ನಗರ ಯೋಜಕರ ಸಂಸ್ಥೆಯ, ಅಂದರೆ ಐಟಿಪಿಐನ, ಮಾನ್ಯತೆ ತಮ್ಮ ಕೋರ್ಸಿಗೆ ಇದೆಯೇ ಎಂದು ನೋಡಿಕೊಳ್ಳುವುದು. ಮಾನ್ಯ ಪದವಿಯಿದ್ದವರು ನೇರವಾಗಿ ಅಸೋಸಿಯೇಟ್ ಸದಸ್ಯತ್ವಕ್ಕೆ ಅರ್ಜಿ ಹಾಕಬಹುದು. ಹೊಸ ಡಿಪ್ಲೊಮಾ ಹುಡುಕುವವರು ಕೈಯಲ್ಲಿರುವ ಪದವಿಯ ಬೆಲೆಯನ್ನು ಪರಿಶೀಲಿಸದೇ ಇರುವುದನ್ನು ನಾನು ಮೇಲಿಂದ ಮೇಲೆ ಕಾಣುತ್ತೇನೆ.

ಸಾಲದ ಲೆಕ್ಕವನ್ನೂ ಕೂಡಿಯೇ ಹಾಕಿದೆವು. ಕೋರ್ಸು ಮುಗಿದು ಒಂದು ವರ್ಷದ ಬಳಿಕ ಅವರ ಕಂತುಗಳು ಶುರುವಾಗುತ್ತವೆ. ವಿದೇಶದ ಎರಡನೆಯ ಮಾಸ್ಟರ್ಸ್ ಎಂದರೆ ಅದರ ಮೇಲೆ ಇನ್ನೊಂದು ಸಾಲ. ಒಂದೆರಡು ವರ್ಷ ಕೆಲಸ ಮಾಡಿದ ನಂತರ ಯಾವ ವಿಷಯಕ್ಕಾಗಿ ಹೋಗಬೇಕೆಂಬುದು ತಿಳಿದಿರುತ್ತದೆ, ವಿದ್ಯಾರ್ಥಿವೇತನದ ಅರ್ಜಿಗೂ ಬರೆಯಲು ವಿಷಯವಿರುತ್ತದೆ ಎಂದು ಅವರ ತಂದೆಗೂ, ಶ್ವೇತಾ ಅವರ ಒಪ್ಪಿಗೆ ಪಡೆದು, ಫೋನಿನಲ್ಲಿ ವಿವರಿಸಿದೆ. ತಂದೆ ಒಪ್ಪಿದರು. ನಿದ್ದೆಯ ಮಟ್ಟಿಗೆ, ರಾತ್ರಿ ಸಹಪಾಠಿಗಳ ಲಿಂಕ್ಡ್‌ಇನ್ ಪುಟಗಳನ್ನು ನೋಡುವ ಅಭ್ಯಾಸ ಬಿಟ್ಟ ಮೇಲೆ ಸುಧಾರಣೆಯಾಗಿದೆ.

ಈಗ ಅವರು ಕಾನೂನಿನ ಅಧ್ಯಾಯ ಬರೆಯುತ್ತಿದ್ದಾರೆ. ಪರಿಸರ ಕಾನೂನಿನ ಡಿಪ್ಲೊಮಾವನ್ನು ಪ್ರಬಂಧದ ನಂತರಕ್ಕೆ ಇಟ್ಟುಕೊಂಡಿದ್ದಾರೆ. ಚಿಕ್ಕಪ್ಪನ ಫೋನು ಮಾತ್ರ ಇನ್ನೂ ನಿಂತಿಲ್ಲ. ಹಿರಿಯರ ಮನಸ್ಸು ನೋಯದಂತೆ ಅವರಿಗೆ ಹೇಗೆ ಉತ್ತರಿಸಬೇಕೆಂಬುದನ್ನು ಮುಂದಿನ ಭೇಟಿಗೆ ಇಟ್ಟುಕೊಂಡಿದ್ದೇವೆ.