ಹಳೇ ಪುಟ್ಟ ಸರ್ವರ್ ಮನೆಯ ನಾಸ್ ಆಗುತ್ತದಾ? ಆಗುತ್ತದೆ, ಆದರೆ ಫೋಟೋ ತುಂಬುವ ಮೊದಲು ಒಂದ್ಸಲ ಕೆಡಿಸಿ ನೋಡಿ

ನೀವು ಕೇಳಿದ್ದು ಇಷ್ಟು: ಎಚ್‌ಪಿ ಮೈಕ್ರೋಸರ್ವರ್ ಜೆನ್8 ಒಂದು ಸುಮ್ನೆ ಮೂಲೆಯಲ್ಲಿ ಕೂತಿದೆ, 8 ಜಿಬಿ ರ‍್ಯಾಮ್ ಇದೆ, ಎರಡು 4 ಟಿಬಿ ಡಿಸ್ಕ್ ಕೈಯಲ್ಲಿವೆ, ಇನ್ನೆರಡು ತಗೊಳ್ಳುವ ಯೋಚನೆ ಇದೆ. ಇದನ್ನು ಮನೆಯವರೆಲ್ಲ ಬಳಸುವ ನಾಸ್ (ನೆಟ್‌ವರ್ಕ್ ಮೂಲಕ ಎಲ್ಲರೂ ಫೈಲ್ ಇಡುವ, ತೆಗೆಯುವ ಪೆಟ್ಟಿಗೆ) ಮಾಡಬಹುದಾ, ಯಾವ ಸಾಫ್ಟ್‌ವೇರ್ ಹಾಕಲಿ, ಒಂದು ಡಿಸ್ಕ್ ಸತ್ತರೂ ಡೇಟಾ ಉಳಿಯುವ ಹಾಗೆ ಹಲವು ಡಿಸ್ಕ್ ಜೋಡಿಸುವ ರೇಯ್ಡ್ 5 ಸಾಕಾ?

ಖಂಡಿತ ಮಾಡಬಹುದು. ನನ್ನ ಮನೆಯಲ್ಲೂ ಇದೇ ಪೆಟ್ಟಿಗೆ ಇದೆ, ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ. ಇದು 2013ರ ಮಾದರಿ. ನಾಲ್ಕು ದೊಡ್ಡ ಡಿಸ್ಕ್ ಕೂರುತ್ತವೆ, ಎರಡು ಗಿಗಾಬಿಟ್ ಪೋರ್ಟ್ ಇವೆ, ತಪ್ಪು ತಿದ್ದುವ ಇಸಿಸಿ ರ‍್ಯಾಮ್ 16 ಜಿಬಿವರೆಗೆ ಹಾಕಬಹುದು. ಫೈಲ್ ಕೊಡುವುದಕ್ಕೆ, ತಗೊಳ್ಳುವುದಕ್ಕೆ ಇದರ ಹಳೇ ಪ್ರೊಸೆಸರ್ ಧಾರಾಳ ಸಾಕು. ಮೊದಲೆರಡು ಡಿಸ್ಕ್‌ಗಳ ಪೋರ್ಟ್ 6 ಗಿಗಾಬಿಟ್, ಉಳಿದೆರಡು 3 ಗಿಗಾಬಿಟ್ ಅಂತ ಓದಿ ತಲೆ ಕೆಡಿಸಿಕೊಳ್ಳಬೇಡಿ. ತಿರುಗುವ ಡಿಸ್ಕ್ 3 ಗಿಗಾಬಿಟ್ಟನ್ನೂ ತುಂಬಿಸುವುದಿಲ್ಲ, ಮೇಲಾಗಿ ನಿಮ್ಮ ನೆಟ್‌ವರ್ಕ್ ಅದಕ್ಕಿಂತ ಎಷ್ಟೋ ಮೊದಲೇ ನಿಂತುಬಿಡುತ್ತದೆ.

ಮೊದಲ ಕೆಲಸ, ರೇಯ್ಡ್ ಕಂಟ್ರೋಲರ್ ಆಫ್ ಮಾಡುವುದು. ಆನ್ ಮಾಡಿದ ತಕ್ಷಣ ಎಫ್9 ಒತ್ತಿ ಸೆಟಪ್‌ಗೆ ಹೋಗಿ, ಸಾಟಾ ಆಯ್ಕೆಯನ್ನು ಎಎಚ್‌ಸಿಐ (ಡಿಸ್ಕ್‌ಗಳನ್ನು ರೇಯ್ಡ್ ಇಲ್ಲದೆ ನೇರವಾಗಿ ತೋರಿಸುವ ಬಗೆ) ಅಂತ ಬದಲಾಯಿಸಿ. ಇದರಲ್ಲಿರುವ ಬಿ120ಐ ನಿಜವಾದ ಹಾರ್ಡ್‌ವೇರ್ ರೇಯ್ಡ್ ಅಲ್ಲ, ಅರ್ಧ ಕೆಲಸ ಡ್ರೈವರ್ ಮಾಡುತ್ತದೆ. ನಾಳೆ ಬೋರ್ಡ್ ಸತ್ತರೆ ಆ ಡಿಸ್ಕ್‌ಗಳನ್ನು ಬೇರೆ ಕಂಪ್ಯೂಟರ್‌ಗೆ ಹಾಕಿ ಓದುವುದು ದೊಡ್ಡ ಪಾಡು. ಎಎಚ್‌ಸಿಐನಲ್ಲಿ ಝಡ್‌ಎಫ್‌ಎಸ್ (ಹಲವು ಡಿಸ್ಕ್‌ಗಳನ್ನು ತಾನೇ ಜೋಡಿಸಿ ನೋಡಿಕೊಳ್ಳುವ ಫೈಲ್ ಸಿಸ್ಟಮ್) ಹಾಕಿದರೆ ಝಡ್‌ಎಫ್‌ಎಸ್ ಇರುವ ಯಾವ ಲಿನಕ್ಸ್ ಕಂಪ್ಯೂಟರ್‌ಗೆ ಬೇಕಾದರೂ ಡಿಸ್ಕ್ ಸಿಕ್ಕಿಸಿ, ಪೂಲ್ (ಹೀಗೆ ಒಟ್ಟು ಸೇರಿಸಿದ ಡಿಸ್ಕ್‌ಗಳ ಗುಂಪು) ಇಂಪೋರ್ಟ್ ಮಾಡಿ, ಫೈಲ್ ತೆಗೆದುಕೊಳ್ಳಬಹುದು. ನಾನು ಝಡ್‌ಎಫ್‌ಎಸ್ ಕಡೆ ವಾಲಿದ್ದಕ್ಕೆ ಇನ್ನೊಂದು ಕಾರಣವೂ ಇದೆ. ಅದು ಪ್ರತಿ ತುಂಡು ಡೇಟಾಗೂ ಚೆಕ್‌ಸಮ್ (ಡೇಟಾ ಸರಿ ಇದೆಯಾ ಅಂತ ತಾಳೆ ನೋಡುವ ಸಂಖ್ಯೆ) ಇಟ್ಟುಕೊಳ್ಳುತ್ತದೆ. ಡಿಸ್ಕ್ ಸದ್ದಿಲ್ಲದೆ ತಪ್ಪು ಬೈಟ್ ಕೊಟ್ಟರೆ ಹಿಡಿಯುತ್ತದೆ, ಜೋಡಿ ಡಿಸ್ಕ್‌ನಿಂದ ಸರಿಯಾದ ಪ್ರತಿ ತೆಗೆದು ತಿದ್ದುತ್ತದೆ. ಹತ್ತು ವರ್ಷ ಯಾರೂ ತೆರೆಯದ ಫೋಟೋ ಇಡುವ ಜಾಗಕ್ಕೆ ಇದಕ್ಕಿಂತ ಇನ್ನೇನು ಬೇಕು ಹೇಳಿ.

ಆಪರೇಟಿಂಗ್ ಸಿಸ್ಟಮ್ ಎಲ್ಲಿ ಕೂರಿಸುವುದು ಅನ್ನುವುದು ಈ ಮಾದರಿಯಲ್ಲಿ ಸ್ವಲ್ಪ ಕಿರಿಕಿರಿ. ನಾಲ್ಕು ಟ್ರೇಗಳನ್ನೂ ಡೇಟಾಗೆ ಬಿಡಬೇಕು ಅಂದರೆ, ಮೇಲೆ ಸಿಡಿ ಡ್ರೈವಿಗೆ ಅಂತ ಬಿಟ್ಟಿರುವ ಜಾಗದಲ್ಲಿ ಒಂದು ಸಣ್ಣ ಎಸ್‌ಎಸ್‌ಡಿ ಇಡಿ. ಅಲ್ಲಿರುವ ಪವರ್ ಕನೆಕ್ಟರ್ ಹಳೇ ಫ್ಲಾಪಿ ಡ್ರೈವಿನ ನಾಲ್ಕು ಪಿನ್ನಿನದು, ಅದರಿಂದ ಸಾಟಾ ಪವರ್‌ಗೆ ಬದಲಾಯಿಸುವ ಗೇಣುದ್ದದ ಕೇಬಲ್ ಒಂದು ಬೇಕು. ಆದರೆ ಎಎಚ್‌ಸಿಐ ಹಾಕಿದಾಗ ಟ್ರೇಗಳಲ್ಲಿ ಡಿಸ್ಕ್ ಇದ್ದರೆ ಈ ಐದನೇ ಪೋರ್ಟಿನಿಂದ ಬಯಾಸ್ ನೇರವಾಗಿ ಬೂಟ್ ಮಾಡುವುದಿಲ್ಲ. ಎಸ್‌ಎಸ್‌ಡಿಯೇ ಕೆಟ್ಟಿದೆ ಅಂದುಕೊಂಡು ಬದಲಾಯಿಸಬೇಡಿ. ಬೋರ್ಡ್ ಮೇಲೆ ಮೈಕ್ರೋಎಸ್‌ಡಿ ಕಾರ್ಡ್ ಹಾಕುವ ಜಾಗ ಇದೆ, ಸಿಸ್ಟಮ್ ಶುರು ಮಾಡಿಸುವ ಗ್ರಬ್ ಅನ್ನುವ ಸಣ್ಣ ಪ್ರೋಗ್ರಾಂ ಅನ್ನು ಮಾತ್ರ ಆ ಕಾರ್ಡ್‌ನಲ್ಲಿ ಹಾಕಿ, ಅದು ಎಸ್‌ಎಸ್‌ಡಿಯಲ್ಲಿರುವ ಸಿಸ್ಟಮ್ ಅನ್ನು ಎಬ್ಬಿಸುತ್ತದೆ. ಬೂಟ್ ಆದ ಮೇಲೆ ಕಾರ್ಡ್‌ಗೆ ಕೆಲಸವೇ ಇಲ್ಲ, ಹಾಗಾಗಿ ಸವೆಯುವುದೂ ಇಲ್ಲ.

ಸಾಫ್ಟ್‌ವೇರ್ ಬಗ್ಗೆ ಜನ ತುಂಬಾ ಜಗಳ ಆಡುತ್ತಾರೆ, ನಾನು ಬೇಗ ಮುಗಿಸುತ್ತೇನೆ. ನಾಸ್‌ಗೆಂದೇ ಇರುವ ಟ್ರೂನಾಸ್ ಅನ್ನುವ ಸಿಸ್ಟಮ್‌ಗೆ ಕಡಿಮೆ ಅಂದರೂ 8 ಜಿಬಿ ರ‍್ಯಾಮ್ ಬೇಕು, ನಿಮ್ಮದು ಸರಿಯಾಗಿ ಅಷ್ಟೇ ಇದೆ. ಬೂಟ್ ಡಿಸ್ಕ್ ಕೂಡ ಪೂರ್ತಿ ತನಗೇ ಬೇಕು ಅನ್ನುತ್ತದೆ. ಅಂಥದ್ದೇ ಆದ ಓಪನ್‌ಮೀಡಿಯಾವಾಲ್ಟ್ ಡೆಬಿಯನ್ ಲಿನಕ್ಸ್ ಮೇಲೆ ಕೂರುತ್ತದೆ, ಹಗುರ, ಮೇಲೆ ಹೇಳಿದ ಗ್ರಬ್ ಉಪಾಯ ಅದರಲ್ಲಿ ಸಲೀಸು, ಝಡ್‌ಎಫ್‌ಎಸ್ ಅನ್ನು ಪ್ಲಗಿನ್ ಆಗಿ ಸೇರಿಸಿಕೊಳ್ಳಬಹುದು. ನಾನು ಬಳಸುವುದು ಇದನ್ನೇ, ನಿಮಗೂ ಇದನ್ನೇ ಹೇಳುತ್ತೇನೆ. ಒಂದು ಟಿಬಿಗೆ ಒಂದು ಜಿಬಿ ರ‍್ಯಾಮ್ ಬೇಕೇ ಬೇಕು ಅಂತ ಯಾರಾದರೂ ಹೆದರಿಸಿದರೆ ಹೆದರಬೇಡಿ, ಮನೆ ಬಳಕೆಗೆ ಆ ಲೆಕ್ಕ ಬೇಕಿಲ್ಲ. ಒಂದೇ ಡೇಟಾ ಎರಡು ಸಲ ಇಡದಂತೆ ತಡೆಯುವ ಡಿಡೂಪ್ ಅನ್ನುವ ಆಯ್ಕೆಯನ್ನು ಮಾತ್ರ ಮುಟ್ಟಬೇಡಿ, ರ‍್ಯಾಮ್ ನುಂಗುವುದು ಅದು.

ರೇಯ್ಡ್ 5 ಬೇಡ ಅಂತ ನನ್ನ ಅಭಿಪ್ರಾಯ. ಝಡ್‌ಎಫ್‌ಎಸ್‌ನಲ್ಲಿ ಅದಕ್ಕೆ ಸಮ ಆಗುವುದು ರೇಯ್ಡ್-ಝಡ್1. ನಾಲ್ಕು 4 ಟಿಬಿ ಡಿಸ್ಕ್‌ಗೆ 12 ಟಿಬಿ ಜಾಗ ಸಿಗುತ್ತದೆ ನಿಜ. ಎರಡು ಮಿರರ್ ಜೋಡಿ (ಪ್ರತಿ ಜೋಡಿಯ ಎರಡೂ ಡಿಸ್ಕ್‌ನಲ್ಲಿ ಅದೇ ಡೇಟಾ) ಮಾಡಿದರೆ 8 ಟಿಬಿ ಮಾತ್ರ. ಆದರೂ ಮಿರರ್ ಮಾಡಿ, ಯಾಕೆಂದರೆ ನಿಮ್ಮ ಹತ್ತಿರ ಈಗ ಇರುವುದು ಎರಡೇ ಡಿಸ್ಕ್. ಇವತ್ತೇ ಒಂದು ಜೋಡಿಯಿಂದ ಶುರು ಮಾಡಬಹುದು, ಇನ್ನೆರಡು ಬಂದಾಗ ಅದೇ ಪೂಲ್‌ಗೆ ಎರಡನೇ ಜೋಡಿ ಸೇರಿಸಬಹುದು, ಏನನ್ನೂ ಅಳಿಸಬೇಕಾಗಿಲ್ಲ. ಒಂದು ಡಿಸ್ಕ್ ಸತ್ತಾಗ ಅದರ ಜೋಡಿಯನ್ನು ಮಾತ್ರ ಓದಿ ಹೊಸದನ್ನು ತುಂಬುತ್ತದೆ, ಉಳಿದ ಡಿಸ್ಕ್‌ಗಳಿಗೆ ಸುಸ್ತಿಲ್ಲ. ಅಂದಹಾಗೆ 4 ಟಿಬಿ ಡಿಸ್ಕ್ ಪರದೆಯಲ್ಲಿ 3.64 ಅಂತ ಕಾಣಿಸುತ್ತದೆ, ಅದು ಸಾವಿರದ ಲೆಕ್ಕಕ್ಕೂ 1024ರ ಲೆಕ್ಕಕ್ಕೂ ಇರುವ ವ್ಯತ್ಯಾಸ ಅಷ್ಟೇ, ಡಿಸ್ಕ್‌ನಲ್ಲಿ ಏನೂ ಮೋಸ ಇಲ್ಲ.

ಇನ್ನು ನಾನು ನಿಜವಾಗಿ ಹೇಳಬೇಕು ಅಂದುಕೊಂಡಿರುವ ವಿಷಯ. ಎಲ್ಲರೂ ಪೂಲ್ ಮಾಡಿದ ದಿನವೇ ಮನೆಯ ಎಲ್ಲಾ ಫೋಟೋ, ವಿಡಿಯೋ, ಕಾಗದಪತ್ರದ ಸ್ಕ್ಯಾನ್ ಅದಕ್ಕೆ ಸುರಿದುಬಿಡುತ್ತಾರೆ. ದಯವಿಟ್ಟು ಒಂದು ವಾರ ತಡೆಯಿರಿ. ಖಾಲಿ ಇರುವಾಗಲೇ ಅದನ್ನು ಬೇಕಂತಲೇ ಕೆಡಿಸಿ, ಸರಿ ಮಾಡಿ, ಕೈ ಪಳಗಿಸಿಕೊಳ್ಳಿ. ನಾನು ಹಾಗೆ ಮಾಡಲಿಲ್ಲ, ತುಂಬಿದ ಮೇಲೆಯೇ ಕಲಿತೆ. ಆ ರಾತ್ರಿ ಇನ್ನೂ ನೆನಪಿದೆ.

ಆಗಿದ್ದು ಏನೆಂದರೆ, ಲಿನಕ್ಸ್ ಎಸ್‌ಡಿಸಿ ಅಂತ ಹೆಸರಿಟ್ಟ ಡಿಸ್ಕ್ ಕೆಡುತ್ತಿದೆ ಅಂತ ಸಿಸ್ಟಮ್‌ನಿಂದ ಮೇಲ್ ಬಂತು. ಎಸ್‌ಡಿಎ, ಎಸ್‌ಡಿಬಿ, ಎಸ್‌ಡಿಸಿ ಅಂತ ಬೆರಳು ಮಡಚಿ ಎಣಿಸಿದೆ, ಎಡದಿಂದ ಮೂರನೇದು ಅಂದುಕೊಂಡೆ. ಈ ಪೆಟ್ಟಿಗೆಯಲ್ಲಿ ಓಡುತ್ತಿರುವಾಗ ಡಿಸ್ಕ್ ಎಳೆಯುವ ಹಾಗಿಲ್ಲ, ಅದಕ್ಕೆ ಆಫ್ ಮಾಡಿ ಮೂರನೇ ಟ್ರೇ ಎಳೆದು, ಹೊಸ ಡಿಸ್ಕ್ ಹಾಕಿ ಆನ್ ಮಾಡಿದೆ. ಪೂಲ್ ಸ್ಥಿತಿ ನೋಡಿದರೆ ಒಂದು ಜೋಡಿ ಕುಂಟಬೇಕಿದ್ದ ಕಡೆ ಎರಡೂ ಜೋಡಿ ಕುಂಟುತ್ತಿದ್ದವು: ಒಂದರಲ್ಲಿ ಸಾಯುತ್ತಿರುವ ಡಿಸ್ಕ್ ಇನ್ನೂ ಕೂತಿದೆ, ಇನ್ನೊಂದರಲ್ಲಿ ಗಟ್ಟಿಮುಟ್ಟಾದ ಡಿಸ್ಕನ್ನು ನಾನೇ ಕಿತ್ತು ಮೇಜಿನ ಮೇಲೆ ಇಟ್ಟಿದ್ದೇನೆ. ಕೈ ತಣ್ಣಗಾಯಿತು. ಕಾರಣ ಆಮೇಲೆ ತಿಳಿಯಿತು. ಆ ಸಲ ಬೂಟ್ ಆದಾಗ ಮೈಕ್ರೋಎಸ್‌ಡಿ ಕಾರ್ಡ್ ಯುಎಸ್‌ಬಿ ಡಿಸ್ಕ್ ರೂಪದಲ್ಲಿ ಬಂದು ಎಸ್‌ಡಿಎ ಹೆಸರನ್ನು ತಾನು ತೆಗೆದುಕೊಂಡಿತ್ತು, ಉಳಿದವೆಲ್ಲ ಒಂದೊಂದು ಮನೆ ಮುಂದೆ ಸರಿದಿದ್ದವು. ಕೆಟ್ಟದ್ದು ಇದ್ದದ್ದು ಎರಡನೇ ಟ್ರೇಯಲ್ಲಿ. ಮತ್ತೆ ಆಫ್ ಮಾಡಿ, ಕಿತ್ತದ್ದನ್ನು ಅದರ ಜಾಗಕ್ಕೇ ಹಾಕಿದೆ. ನಡುವೆ ಬದಲಾಗಿದ್ದ ಸ್ವಲ್ಪ ಡೇಟಾ ಮಾತ್ರ ತುಂಬಿಕೊಂಡು ಕೆಲವೇ ಸೆಕೆಂಡಿನಲ್ಲಿ ಅದು ಸರಿಹೋಯಿತು. ಡೇಟಾ ಏನೂ ಹೋಗಲಿಲ್ಲ, ಆದರೆ ಆ ಐದು ನಿಮಿಷ ಯಾರಿಗೂ ಬೇಡ.

ಅವತ್ತಿನಿಂದ ಪ್ರತಿ ಟ್ರೇಯ ಮುಂದೆ ಒಂದು ಸಣ್ಣ ಕಾಗದದ ಪಟ್ಟಿ ಅಂಟಿಸಿದ್ದೇನೆ, ಅದರ ಮೇಲೆ ಡಿಸ್ಕ್‌ನ ಸೀರಿಯಲ್ ನಂಬರಿನ ಕೊನೆಯ ನಾಲ್ಕು ಅಕ್ಷರ, ಮೇಲೆ ಪಾರದರ್ಶಕ ಟೇಪ್. ನೀವು ಇದನ್ನು ಮೊದಲ ದಿನವೇ ಮಾಡಿ. ಪೂಲ್ ಮಾಡುವಾಗಲೂ ಎಸ್‌ಡಿಎ, ಎಸ್‌ಡಿಬಿ ಹೆಸರು ಕೊಡಬೇಡಿ, ಲಿನಕ್ಸ್‌ನ ಬೈ-ಐಡಿ (by-id) ಫೋಲ್ಡರ್‌ನಲ್ಲಿ ಸಿಗುವ ಸೀರಿಯಲ್ ನಂಬರ್ ಇರುವ ಹೆಸರನ್ನೇ ಕೊಡಿ.

ಹಾಗಾದರೆ ಖಾಲಿ ವಾರದಲ್ಲಿ ಏನೇನು ಮಾಡಬೇಕು? ಪೂಲ್ ಕಟ್ಟುವ ಮೊದಲೇ ಡಿಸ್ಕ್‌ಗಳನ್ನು ಬ್ಯಾಡ್‌ಬ್ಲಾಕ್ಸ್ ಅನ್ನುವ ಪರೀಕ್ಷೆಯ ಪ್ರೋಗ್ರಾಂನಿಂದ ಪೂರ್ತಿ ಬರೆದು ಓದಿಸಿ. ಇದು ಡಿಸ್ಕ್ ಮೇಲಿರುವುದನ್ನೆಲ್ಲ ಅಳಿಸುತ್ತದೆ, ಹಳೇ ಡಿಸ್ಕ್‌ನಲ್ಲಿ ಬೇಕಾದ್ದು ಇದ್ದರೆ ಮೊದಲು ತೆಗೆದಿಡಿ. 4 ಟಿಬಿಗೆ ಎರಡು ಮೂರು ದಿನ ಹಿಡಿಯುತ್ತದೆ, ಹಿಡಿಯಲಿ. ಮುಗಿದ ಮೇಲೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಕೊಡುವ ಸ್ಮಾರ್ಟ್ ವರದಿಯಲ್ಲಿ 5 ಮತ್ತು 197 ಸಂಖ್ಯೆಯ ಸಾಲು ನೋಡಿ. ಒಂದು, ಕೆಟ್ಟ ಜಾಗದ ಬದಲು ಬೇರೆ ಜಾಗ ಕೊಟ್ಟಿದ್ದರ ಲೆಕ್ಕ, ಇನ್ನೊಂದು ಓದಲಾಗದೆ ಕಾಯುತ್ತಿರುವ ಜಾಗದ ಲೆಕ್ಕ. ಎರಡೂ ಸೊನ್ನೆ ಇರಬೇಕು. 199 ಸಂಖ್ಯೆಯ ಸಾಲು ಮಾತ್ರ ಏರುತ್ತಿದ್ದರೆ ಡಿಸ್ಕನ್ನು ಬೈಯಬೇಡಿ, ಅದು ಸಾಮಾನ್ಯವಾಗಿ ಕೇಬಲ್ ಅಥವಾ ಕನೆಕ್ಟರ್ ಸಮಸ್ಯೆ.

ಆಮೇಲೆ ಪೂಲ್ ಮಾಡಿ, ಬೇಡದ ಒಂದಷ್ಟು ಫೈಲ್ ತುಂಬಿ, ಆಫ್ ಮಾಡಿ ಒಂದು ಡಿಸ್ಕ್ ಕಿತ್ತು ಆನ್ ಮಾಡಿ. ಡಿಗ್ರೇಡೆಡ್ ಅಂತ ಬರುತ್ತದೆ. ಎಚ್ಚರಿಕೆಯ ಮೇಲ್ ನಿಮ್ಮ ಫೋನಿಗೆ ಬಂತಾ? ಬರದಿದ್ದರೆ ಅಲ್ಲಿಗೇ ನಿಲ್ಲಿ, ಮೊದಲು ಅದನ್ನು ಸರಿ ಮಾಡಿ, ಯಾಕೆಂದರೆ ಒಂದು ಡಿಸ್ಕ್ ಸತ್ತು ಆರು ತಿಂಗಳಾದರೂ ಯಾರಿಗೂ ಗೊತ್ತಾಗದೆ ಇದ್ದರೆ ಮಿರರ್ ಇದ್ದೂ ಪ್ರಯೋಜನ ಇಲ್ಲ, ಅಲ್ವಾ. ಡಿಸ್ಕ್ ವಾಪಸ್ ಹಾಕಿ, ಸರಿಹೋಗುವುದನ್ನು ನೋಡಿ. ಒಂದು ಸ್ನ್ಯಾಪ್‌ಶಾಟ್ (ಪೂಲ್‌ನ ಆ ಕ್ಷಣದ ಸ್ಥಿತಿ ಉಳಿಸಿಡುವುದು) ತೆಗೆದು, ಫೋಲ್ಡರ್ ಅಳಿಸಿ, ಅದರಿಂದ ವಾಪಸ್ ತನ್ನಿ. ಕೊನೆಗೆ ಎಸ್‌ಎಸ್‌ಡಿಯೇ ಸತ್ತುಹೋಯಿತು ಅಂದುಕೊಳ್ಳಿ: ಸಿಸ್ಟಮ್ ಹೊಸದಾಗಿ ಇನ್‌ಸ್ಟಾಲ್ ಮಾಡಿ ಪೂಲ್ ಇಂಪೋರ್ಟ್ ಮಾಡಿ ನೋಡಿ. ಇದನ್ನು ಒಂದ್ಸಲ ಕೈಯಾರೆ ಮಾಡಿದವರು ಆಮೇಲೆ ಗಾಬರಿ ಬೀಳುವುದಿಲ್ಲ. ಯುಪಿಎಸ್ ಇದ್ದರೆ ಅದರ ಯುಎಸ್‌ಬಿ ಕೇಬಲ್ ಸರ್ವರ್‌ಗೆ ಸಿಕ್ಕಿಸಿ, ನಟ್ ಅನ್ನುವ ಸಾಫ್ಟ್‌ವೇರ್ ಹಾಕಿ, ಗೋಡೆಯ ಪ್ಲಗ್ ಕಿತ್ತು, ಬ್ಯಾಟರಿ ಮುಗಿಯುವ ಮೊದಲು ತಾನಾಗಿ ಶಟ್‌ಡೌನ್ ಆಗುತ್ತದಾ ಪರೀಕ್ಷೆ ಮಾಡಿ.

ನೆಟ್‌ವರ್ಕ್ ವೇಗದ ಬಗ್ಗೆ ಒಂದು ಮಾತು. ಗಿಗಾಬಿಟ್ ಅಂದರೆ ಸೆಕೆಂಡಿಗೆ ಸುಮಾರು 110 ಎಂಬಿ ಸಿಗಬೇಕು. ನನಗೆ ಮೊದಮೊದಲು 11 ಮಾತ್ರ ಬರುತ್ತಿತ್ತು, ಎರಡು ದಿನ ಫೈಲ್ ಹಂಚುವ ಸಾಂಬಾ ಸಾಫ್ಟ್‌ವೇರಿನ ಸೆಟ್ಟಿಂಗ್ ತಿರುಚಿದೆ. ತಪ್ಪು ಇದ್ದದ್ದು ಕೇಬಲ್ ತುದಿಯಲ್ಲಿ. ಗಿಗಾಬಿಟ್‌ಗೆ ಎಂಟೂ ತಂತಿ ಬೇಕು, 100 ಮೆಗಾಬಿಟ್‌ಗೆ ನಾಲ್ಕೇ ಸಾಕು, ಒಂದು ಕಂದು ತಂತಿ ಕ್ಲಿಪ್ಪಿನೊಳಗೆ ಪೂರ್ತಿ ಹೋಗಿರಲಿಲ್ಲ. ಹಾಗಾಗಿ ವೇಗ ಸರಿಯಾಗಿ ಹತ್ತರಲ್ಲಿ ಒಂದರಷ್ಟು ಬಂದರೆ ಸಾಫ್ಟ್‌ವೇರ್ ಮುಟ್ಟಬೇಡಿ, ಕೇಬಲ್ ಬದಲಾಯಿಸಿ ನೋಡಿ. ವೈಫೈನಲ್ಲಿ ಕೂತು ಅಳೆಯಲೂ ಬೇಡಿ.

ಕರೆಂಟ್ ಲೆಕ್ಕ ನೀವೇ ಹಾಕಬಹುದು. ಪ್ಲಗ್‌ಗೆ ಹಾಕುವ ಮೀಟರ್ 40 ವ್ಯಾಟ್ ತೋರಿಸಿದರೆ ದಿನಕ್ಕೆ ಒಂದು ಯೂನಿಟ್‌ಗಿಂತ ಚೂರು ಕಡಿಮೆ, ತಿಂಗಳಿಗೆ 29 ಯೂನಿಟ್. ಕಚೇರಿಯಿಂದ ಬಂದ ದೊಡ್ಡ ರ‍್ಯಾಕ್ ಸರ್ವರ್ ಆಗಿದ್ದರೆ ಮಾಡಬೇಡಿ ಅನ್ನುತ್ತಿದ್ದೆ, ಈ ಪುಟ್ಟದಕ್ಕೆ ಚಿಂತೆ ಇಲ್ಲ.

ಇಂಟರ್ನೆಟ್‌ಗೆ ಇದನ್ನು ನೇರವಾಗಿ ತೆರೆಯಲೇಬೇಡಿ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಅನ್ನುವ ವೈರಸ್ ಹಬ್ಬಿದ್ದು ಇದೇ ಎಸ್‌ಎಂಬಿ ಹಂಚಿಕೆಯ (ಸಾಂಬಾ ಬಳಸುವುದೂ ಇದನ್ನೇ) ಹಳೇ ಆವೃತ್ತಿ ವಿಂಡೋಸ್‌ನಲ್ಲಿ ಬಿಟ್ಟಿದ್ದ ತೂತಿನಿಂದ. ರೌಟರ್‌ನಲ್ಲಿ ಎಸ್‌ಎಂಬಿ ಬಳಸುವ 445 ಪೋರ್ಟ್ ಮುಚ್ಚಿಯೇ ಇರಲಿ, ಎಸ್‌ಎಂಬಿ 1 ಆಫ್ ಇರಲಿ. ಹೊರಗಿನಿಂದ ಫೈಲ್ ಬೇಕಾದರೆ ವೈರ್‌ಗಾರ್ಡ್ ಅನ್ನುವ ವಿಪಿಎನ್ ಹಾಕಿಕೊಂಡು ಮನೆ ನೆಟ್‌ವರ್ಕ್ ಒಳಗೆ ಬನ್ನಿ. ಈ ಸರ್ವರ್‌ನಲ್ಲಿ ಐಲೋ 4 ಅನ್ನುವ ದೂರನಿಯಂತ್ರಣ ಬೇರೆ ಇದೆ. ಅದರ ಫರ್ಮ್‌ವೇರ್ 2.53ಕ್ಕಿಂತ ಹಳೆಯದಾದರೆ ಪಾಸ್‌ವರ್ಡ್ ಇಲ್ಲದೆ ಒಳಗೆ ನುಗ್ಗುವ ದಾರಿ ಇದೆ, ಅದು 2017ರಲ್ಲೇ ಹೊರಬಿದ್ದ ವಿಷಯ. ಮೂಲೆಯಲ್ಲಿ ಕೂತಿದ್ದ ಪೆಟ್ಟಿಗೆಯಲ್ಲಿ ಹಳೆಯದೇ ಇರುವ ಸಾಧ್ಯತೆ ಜಾಸ್ತಿ, ಮೊದಲು ಅಪ್‌ಡೇಟ್ ಮಾಡಿ.

ಮತ್ತೆ ಬ್ಯಾಕಪ್. ಮಿರರ್ ಬ್ಯಾಕಪ್ ಅಲ್ಲ. ಮಗು ಫೋಲ್ಡರ್ ಅಳಿಸಿದರೆ ಎರಡೂ ಡಿಸ್ಕ್‌ನಿಂದ ಒಂದೇ ಕ್ಷಣದಲ್ಲಿ ಹೋಗುತ್ತದೆ, ಪೆಟ್ಟಿಗೆ ಕಳವಾದರೆ ನಾಲ್ಕೂ ಡಿಸ್ಕ್ ಒಟ್ಟಿಗೇ ಹೋಗುತ್ತವೆ. ಒಂದು ಯುಎಸ್‌ಬಿ ಡಿಸ್ಕ್ ಇಟ್ಟುಕೊಂಡು ವಾರಕ್ಕೊಮ್ಮೆ ರೆಸ್ಟಿಕ್ ಅನ್ನುವ ಬ್ಯಾಕಪ್ ಸಾಫ್ಟ್‌ವೇರ್‌ನಿಂದ ಪ್ರತಿ ತೆಗೆಯಿರಿ, ಮುಗಿದ ಮೇಲೆ ಕಿತ್ತು ಬೇರೆ ಕಡೆ ಇಡಿ, ನಂಬಿಕೆಯವರ ಮನೆಯಲ್ಲಿಟ್ಟರೆ ಇನ್ನೂ ಒಳ್ಳೆಯದು. ಸಿನಿಮಾ, ಹಾಡು ಎಲ್ಲ ಮತ್ತೆ ಸಿಗುತ್ತವೆ, ಅವನ್ನು ಬಿಡಿ. ಮತ್ತೆ ಸಿಗದ ಫೋಟೋ, ಕಾಗದಪತ್ರ ಇಷ್ಟನ್ನೇ ತೆಗೆದರೆ ಒಂದು ಡಿಸ್ಕ್ ಎಷ್ಟೋ ವರ್ಷ ಸಾಕು. ತಿಂಗಳಿಗೊಮ್ಮೆ ಅದರಿಂದ ಯಾವುದಾದರೂ ಒಂದು ಫೋಟೋ ವಾಪಸ್ ತೆಗೆದು ತೆರೆದು ನೋಡಿ. ಪೂಲ್‌ಗೂ ತಿಂಗಳಿಗೊಮ್ಮೆ ಸ್ಕ್ರಬ್ (ಎಲ್ಲಾ ಡೇಟಾ ಓದಿ ಚೆಕ್‌ಸಮ್ ತಾಳೆ ನೋಡುವುದು) ಹಾಕಿಡಿ.

ಕೊನೆಗೆ, ಇನ್ನೆರಡು ಡಿಸ್ಕ್ ತಗೊಳ್ಳುವ ಮೊದಲು ಅವು ಸಿಎಂಆರ್ (ಡೇಟಾದ ಸಾಲುಗಳು ಒಂದರ ಮೇಲೊಂದು ಬರದಂತೆ ಬರೆಯುವ ಬಗೆ) ಹೌದಾ ನೋಡಿಕೊಳ್ಳಿ. ಸಾಲುಗಳನ್ನು ಹೆಂಚಿನ ಹಾಗೆ ಒಂದರ ಮೇಲೊಂದು ಹೊದಿಸಿ ಬರೆಯುವ ಎಸ್‌ಎಂಆರ್ ಡಿಸ್ಕ್ ದಿನನಿತ್ಯ ಸರಿಯಾಗೇ ಇರುತ್ತದೆ, ಪೂಲ್ ಮತ್ತೆ ತುಂಬುವಾಗ ಗಂಟೆಗಳಲ್ಲಿ ಮುಗಿಯಬೇಕಾದ್ದನ್ನು ದಿನಗಟ್ಟಲೆ ಎಳೆಯುತ್ತದೆ. ಈಗ ಇರುವ ಎರಡರ ಮಾದರಿ ಸಂಖ್ಯೆಯನ್ನೂ ಕೆಳಗೆ ಬರೆಯಿರಿ, ಅವು ಯಾವ ಬಗೆ ಅಂತ ಹುಡುಕಿ ಹೇಳುತ್ತೇನೆ.