ಗುರುಗಳ ಹಾಡು ಬರೀ ಭೋರ್ಗರೆತವಾದದ್ದು ಏಕೆ?

ಪ್ರಶ್ನೆ: ಗುರುಗಳ ಮನೆಯಲ್ಲಿ ನಡೆದ ಕಛೇರಿಯನ್ನು ಸಣ್ಣ ರೆಕಾರ್ಡರ್‌ನಲ್ಲಿ ಮುದ್ರಿಸಿಕೊಳ್ಳುತ್ತಿದ್ದೆ. 48,000 ಹರ್ಟ್ಸ್, 24 ಬಿಟ್, ಸ್ಟೀರಿಯೊ. ಅರ್ಧ ಗಂಟೆಯಾಗುವಷ್ಟರಲ್ಲಿ ಬ್ಯಾಟರಿ ಮುಗಿಯಿತು. ವೇವ್ ಫೈಲ್ ಸುಮಾರು 52 ಕೋಟಿ ಬೈಟ್ ಇದೆ, ಆದರೆ ಯಾವ ಪ್ಲೇಯರ್‌ನಲ್ಲೂ ತೆರೆಯುವುದಿಲ್ಲ. ಸ್ನೇಹಿತರ ಮಾತಿನಂತೆ ಆಡಾಸಿಟಿ ಎಂಬ ಧ್ವನಿ ಸಂಕಲನದ ತಂತ್ರಾಂಶದಲ್ಲಿ ‘ರಾ ಡೇಟಾ’ (ಬರೀ ಬೈಟ್‌ಗಳು) ಎಂದು ತೆರೆದರೆ 45 ನಿಮಿಷ ಬರೀ ಭೋರ್ ಎನ್ನುವ ಸದ್ದು. ಹಾಡು ಹೋದಂತೆಯೇ?
— ಒಬ್ಬ ಓದುಗರು, ಮೈಸೂರು

ಉತ್ತರ: ಹಾಡು ಬಹುಮಟ್ಟಿಗೆ ಅಲ್ಲಿಯೇ ಇದೆ. ನೀವು ಬರೆದ ‘45 ನಿಮಿಷ’ ಎಂಬ ಒಂದು ಮಾತೇ ಅದನ್ನು ಹೇಳುತ್ತಿದೆ.

ನಿಮ್ಮ ರೆಕಾರ್ಡರ್ ಸೆಕೆಂಡಿಗೆ 48,000 ಸಲ ಧ್ವನಿಯನ್ನು ಅಳೆದು, ಎಡ ಬಲ ಎರಡು ಚಾನೆಲ್‌ಗಳಿಗೂ ಒಂದೊಂದು ಸಂಖ್ಯೆ ಬರೆದಿದೆ. 24 ಬಿಟ್ ಎಂದರೆ ಸಂಖ್ಯೆಗೆ 3 ಬೈಟ್. ಸೆಕೆಂಡಿಗೆ 2,88,000 ಬೈಟ್. 52 ಕೋಟಿಯನ್ನು ಇದರಿಂದ ಭಾಗಿಸಿದರೆ ಹೆಚ್ಚುಕಡಿಮೆ ಅರ್ಧ ಗಂಟೆ. ಅದೇ ಬೈಟ್‌ಗಳನ್ನು ಎರಡೆರಡಾಗಿ, ಅಂದರೆ 16 ಬಿಟ್ ಎಂದು ಓದಿದರೆ ಅರ್ಧ ಗಂಟೆ ಮುಕ್ಕಾಲು ಗಂಟೆಯಾಗುತ್ತದೆ. ತೆರೆಯುವಾಗ ನೀವು 16 ಬಿಟ್ ಆರಿಸಿದ್ದೀರಿ.

ಸ್ಮರಣೆಯಲ್ಲಿ ಇರುವುದು ಬರೀ ಬೈಟ್‌ಗಳ ಸಾಲು. ಎಲ್ಲಿ ಒಂದು ಸಂಖ್ಯೆ ಮುಗಿದು ಇನ್ನೊಂದು ಶುರುವಾಗುತ್ತದೆ ಎಂಬುದಕ್ಕೆ ಅಲ್ಲಿ ಗುರುತಿಲ್ಲ. ಆ ವಿವರ ಫೈಲ್‌ನ ತಲೆಭಾಗದಲ್ಲಿ, ಅಂದರೆ ಹೆಡರ್‌ನಲ್ಲಿ ಇರುತ್ತದೆ. ಧ್ವನಿಯ ಒಟ್ಟು ಉದ್ದವನ್ನು ಅನೇಕ ರೆಕಾರ್ಡರ್‌ಗಳು ಮುದ್ರಣ ನಿಲ್ಲಿಸಿದ ಮೇಲಷ್ಟೇ ಅಲ್ಲಿ ತುಂಬುತ್ತವೆ. ಬ್ಯಾಟರಿ ಅದಕ್ಕೆ ಮೊದಲೇ ಕೈಕೊಟ್ಟಿದೆ.

ಎಣಿಕೆಯಷ್ಟೇ ಅಲ್ಲ, ಬೈಟ್‌ಗಳ ಕ್ರಮವೂ ಮುಖ್ಯ. ಸಂಗೀತ ಕಲಿಯುವ ನಿಮಗೆ ಕಟಪಯಾದಿ, ಅಂದರೆ ರಾಗದ ಹೆಸರಿನ ಮೊದಲೆರಡು ಅಕ್ಷರಗಳಿಂದ ಅದರ ಮೇಳದ (ಜನಕ ರಾಗಗಳ ಪಟ್ಟಿಯ) ಸಂಖ್ಯೆ ತಿಳಿಯುವ ಪದ್ಧತಿ, ಗೊತ್ತಿರಬಹುದು. ಮೇಚಕಲ್ಯಾಣಿಯಲ್ಲಿ ಮ ಎಂದರೆ 5, ಚ ಎಂದರೆ 6. ತಿರುಗಿಸಿ ಓದಿದರೆ 65ನೆಯ ಮೇಳ. ತಿರುಗಿಸುವುದನ್ನು ಮರೆತರೆ 56, ಅದು ಷಣ್ಮುಖಪ್ರಿಯ! ವೇವ್ ಫೈಲ್‌ನ ಪದ್ಧತಿಯೂ ಇದೇ: ಚಿಕ್ಕ ಸ್ಥಾನದ ಬೈಟ್ ಮೊದಲು, ದೊಡ್ಡದು ಕೊನೆಗೆ. ಇದಕ್ಕೆ ಲಿಟಲ್ ಎಂಡಿಯನ್ ಎನ್ನುತ್ತಾರೆ. 66,051 ಎಂಬ ಸಂಖ್ಯೆ 3, 2, 1 ಎಂಬ ಮೂರು ಬೈಟ್‌ಗಳಾಗಿ ಕೂರುತ್ತದೆ. ಹಿಂದುಮುಂದಾಗಿ ಓದಿದರೆ ಅದು 1,97,121. ಆಪಲ್‌ನ ಎಐಎಫ್ಎಫ್ ಫೈಲ್ ಮೂಲತಃ ಬಿಗ್ ಎಂಡಿಯನ್, ಅಲ್ಲಿ ದೊಡ್ಡದೇ ಮೊದಲು. ತೀರಾ ನವಿರಾದ ಏರಿಳಿತದ ಬೈಟ್ ದೊಡ್ಡ ಬೈಟ್‌ನ ಜಾಗಕ್ಕೆ ಬಂದು ಕುಳಿತರೆ ಕೇಳುವುದು ಭೋರ್ಗರೆತವೇ.

ಮೊದಲು ಫೈಲ್‌ನ ಪ್ರತಿ ಮಾಡಿಕೊಳ್ಳಿ, ಮೂಲವನ್ನು ಮುಟ್ಟಬೇಡಿ. ಪ್ರತಿಯನ್ನು 24 ಬಿಟ್ ಸೈನ್ಡ್, ಲಿಟಲ್ ಎಂಡಿಯನ್, 2 ಚಾನೆಲ್, 48,000 ಎಂದು ತೆರೆಯಿರಿ. ಎಷ್ಟು ಬೈಟ್ ಬಿಟ್ಟು ಓದಬೇಕೆಂದು ಕೇಳುವ ಜಾಗದಲ್ಲಿ 0 ಹಾಕಿ. ಭೋರ್ಗರೆತ ನಿಲ್ಲದಿದ್ದರೆ 1, ಆಮೇಲೆ 2. ಸರಳ ವೇವ್ ಹೆಡರ್ 44 ಬೈಟ್, ಆದರೆ ರೆಕಾರ್ಡರ್‌ಗಳು ಅದಕ್ಕೆ ಬೇರೆ ವಿವರಗಳನ್ನೂ ಸೇರಿಸುವುದುಂಟು. ಹಾಗಾಗಿ 44ನ್ನೇ ನಂಬಿ ಕೂರಬೇಡಿ. ಮೂರು ಬೈಟ್‌ಗಳ ಗುಂಪು ಸರಿಹೊಂದಲು ಮೂರೇ ಸಾಧ್ಯತೆಗಳಿವೆ, ಒಂದರಲ್ಲಿ ಹಾಡು ಕೇಳಲೇಬೇಕು. ಎಡ ಬಲ ಅದಲುಬದಲಾಗಿದ್ದರೆ ಇನ್ನೂ 3 ಸೇರಿಸಿ. ಶುರುವಿನಲ್ಲಿ ಟಪ್ ಎಂದರೆ ಅದು ಹೆಡರ್‌ನ ಸದ್ದು, ಕತ್ತರಿಸಿಬಿಡಿ. ಕಂಠ ಕೇಳಿಸಿಯೂ ಶ್ರುತಿ ಇಳಿದು ಎಳೆದಂತಿದ್ದರೆ ಬೈಟ್‌ಗಳ ತಪ್ಪಲ್ಲ. 48,000 ಬದಲು 44,100 ಅಥವಾ ಸ್ಟೀರಿಯೊ ಬದಲು ಮೊನೊ ಆರಿಸಿರುತ್ತೀರಿ.

ತೆರೆದ ಮೇಲೆ ಆಡಾಸಿಟಿ ಫೈಲ್‌ಗಿಂತ ಹೆಚ್ಚು ಜಾಗ ತಿನ್ನುವುದನ್ನು ಕಂಡು ಗಾಬರಿಯಾಗಬೇಡಿ. 3 ಬೈಟ್‌ನ ತುಂಡು ಪ್ರೊಸೆಸರ್‌ಗೆ ಒಗ್ಗದ ಅಳತೆ. ಹಾಗಾಗಿ ಪ್ರತಿ ಸಂಖ್ಯೆಯನ್ನೂ 4 ಬೈಟ್‌ನ ಫ್ಲೋಟ್ ಆಗಿ, −1 ರಿಂದ 1ರ ನಡುವಿನ ದಶಮಾಂಶವಾಗಿ ಇಡುವುದು ಅದರ ಸಾಮಾನ್ಯ ರೂಢಿ. 24 ಬಿಟ್‌ನ ಯಾವ ಸಂಖ್ಯೆಯೂ ಅದರಲ್ಲಿ ಒಂದಿಷ್ಟೂ ಸವೆಯದೆ ಕೂರುತ್ತದೆ. ಸಂಕಲನದ ನಡುವೆ ಧ್ವನಿ 1ನ್ನು ಮೀರಿದರೂ ತಲೆ ಕತ್ತರಿಸಿಹೋಗುವುದಿಲ್ಲ, ಆಮೇಲೆ ತಗ್ಗಿಸಿಕೊಳ್ಳಬಹುದು. ಮೈಕ್‌ನಲ್ಲೇ ಒಡೆದ ಧ್ವನಿಯನ್ನು ಮಾತ್ರ ಯಾವ ಫ್ಲೋಟ್ ಕೂಡ ಕೂಡಿಸಲಾರದು.

ಕೆಲಸ ಮುಗಿದ ಮೇಲೆ ಮಟ್ಟ 1ರೊಳಗೆ ಇದೆಯೆಂದು ನೋಡಿಕೊಂಡು ಮತ್ತೆ 24 ಬಿಟ್ ವೇವ್ ಆಗಿಯೇ ಉಳಿಸಿ. 32 ಬಿಟ್‌ನಲ್ಲಿ ಇಟ್ಟರೆ ಡಿಸ್ಕ್ ತುಂಬುತ್ತದೆಯೇ ಹೊರತು ಗುರುಗಳ ಕಂಠ ಇನ್ನಷ್ಟು ತಿಳಿಯಾಗುವುದಿಲ್ಲ.