ಲೇಖಕಿಯ ಚೀಲ, ಶಾಲೆಯ ಬೀರು

ಮಾನ್ಯರೇ,

ಹೆಗಲಿಗೆ ಪುಸ್ತಕದ ಚೀಲ ಹಾಕಿಕೊಂಡು ಶಾಲೆಯಿಂದ ಶಾಲೆಗೆ ಹೋಗಿ ಮಕ್ಕಳಿಗೆ ತಮ್ಮ ಕಥೆಗಳನ್ನು ಓದಿ ಹೇಳುವ ಲೇಖಕಿಯೊಬ್ಬರ ಕುರಿತು ಕಳೆದ ಸಂಚಿಕೆಯಲ್ಲಿ ನಾವು ಪ್ರಕಟಿಸಿದ ಬರಹಕ್ಕೆ ಪ್ರತಿಕ್ರಿಯೆಯಾಗಿ ತಾವು ಬರೆದ ನಾಲ್ಕು ಪುಟಗಳ ಪತ್ರ ತಲುಪಿತು. ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರ ಮಾತಿಗೆ ಎರಡು ಸಾಲಿನ ಉತ್ತರ ಬರೆದು ಕೈತೊಳೆದುಕೊಳ್ಳಲು ಮನಸ್ಸಾಗಲಿಲ್ಲ.

ಪತ್ರವನ್ನು ನೋಡದ ಓದುಗರಿಗಾಗಿ ಅದರ ಸಾರವನ್ನು ಮೊದಲು ಹೇಳಿಬಿಡುತ್ತೇನೆ. ಬರೆಯುವುದು ಲೇಖಕರ ಕೆಲಸ, ಹೊತ್ತು ಮಾರುವುದು ವ್ಯಾಪಾರಿಗಳ ಕೆಲಸ. ಮಕ್ಕಳೆದುರು ಹಾಡಿ ಅಭಿನಯಿಸಿ ಪುಸ್ತಕ ದಾಟಿಸುವುದು ಲೇಖಕರ ಘನತೆಗೆ ಒಪ್ಪುವುದಿಲ್ಲ ಎಂಬುದು ತಮ್ಮ ಮೊದಲನೆಯ ಆಕ್ಷೇಪ. ಒಂದು ಗಂಟೆಯ ಸಡಗರ ಒಂದು ವಾರವೂ ಉಳಿಯುವುದಿಲ್ಲ ಎಂಬುದು ಎರಡನೆಯದು. ಮೂರನೆಯದು ಆಕ್ಷೇಪಕ್ಕಿಂತ ಹೆಚ್ಚಾಗಿ ಒಂದು ಅನುಭವ. ತಾವಿದ್ದ ಶಾಲೆಗೆ ಹೀಗೆಯೇ ಒಬ್ಬರು ಲೇಖಕರು ಬಂದು, ಕಥೆ ಹೇಳಿ, ನಲವತ್ತು ಪುಸ್ತಕಗಳನ್ನು ಉಡುಗೊರೆಯಾಗಿ ಕೊಟ್ಟು ಹೋದರು. ಮುಖ್ಯೋಪಾಧ್ಯಾಯರು ಅವನ್ನೆಲ್ಲ ದಾಸ್ತಾನು ವಹಿಯಲ್ಲಿ ಬರೆದುಕೊಂಡು, ಕಚೇರಿಯ ಬೀರುವಿನಲ್ಲಿಟ್ಟು, ಬೀಗ ಹಾಕಿದರು. ತಾವು ನಿವೃತ್ತರಾಗುವವರೆಗೆ ಒಂದು ಮಗುವೂ ಅವುಗಳಲ್ಲಿ ಒಂದನ್ನೂ ಮುಟ್ಟಲಿಲ್ಲ. ಆದ್ದರಿಂದ ಇಂಥ ಭೇಟಿಗಳೆಲ್ಲ ವ್ಯರ್ಥ ಎಂಬ ತೀರ್ಮಾನಕ್ಕೆ ತಾವು ಬಂದಿದ್ದೀರಿ.

ಘನತೆಯ ಪ್ರಶ್ನೆಗೆ ಹೆಚ್ಚು ಮಾತು ಬೇಕಾಗಿಲ್ಲ. ಕನ್ನಡದಲ್ಲಿ ಲೇಖಕರು ಪುಸ್ತಕ ಹೊತ್ತದ್ದು ಇಂದು ನಿನ್ನೆಯ ಸಂಗತಿಯಲ್ಲ. ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕಗಳ ಗಂಟನ್ನು ತಲೆಯ ಮೇಲಿಟ್ಟುಕೊಂಡು ಊರೂರು ತಿರುಗಿದ್ದನ್ನು ನಾವು ಇಂದಿಗೂ ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಅದರಿಂದ ಅವರ ಘನತೆ ಕುಗ್ಗಿತೆಂದು ಯಾರೂ ಹೇಳಿದ್ದಿಲ್ಲ. ದೊಡ್ಡವರಿಗಾಗಿ ಹೊತ್ತರೆ ತ್ಯಾಗ, ಮಕ್ಕಳಿಗಾಗಿ ಹೊತ್ತರೆ ಲಘುತನ ಎಂದು ನಾವು ಎಣಿಸುತ್ತಿದ್ದರೆ, ಮಕ್ಕಳ ಸಾಹಿತ್ಯವನ್ನು ನಾವು ಯಾವ ಸಾಲಿನಲ್ಲಿ ಕೂರಿಸಿದ್ದೇವೆ ಎಂಬುದನ್ನೇ ಅದು ಹೇಳುತ್ತದೆ.

ಮಕ್ಕಳಿಗಾಗಿ ಬರೆದ ನಮ್ಮ ಹಿರಿಯರಲ್ಲಿ ಬಹುಮಂದಿ ಮಕ್ಕಳ ನಡುವೆಯೇ ಇದ್ದವರು ಎಂಬುದನ್ನೂ ನೆನೆಯಬೇಕು. 'ಕವಿಶಿಷ್ಯ' ಎಂಬ ಹೆಸರಿನಲ್ಲಿ ಬರೆದ ಪಂಜೆ ಮಂಗೇಶರಾಯರು (1874–1937) ಉಪಾಧ್ಯಾಯರಾಗಿ, ಶಾಲಾ ಇನ್‌ಸ್ಪೆಕ್ಟರರಾಗಿ ದುಡಿದವರು. ಯಾವ ಮಾತು ಮಗುವಿನ ನಾಲಗೆಗೆ ಹತ್ತುತ್ತದೆ, ಯಾವುದು ಜಾರುತ್ತದೆ ಎಂಬುದನ್ನು ತರಗತಿಯಲ್ಲಿಯೇ ಕಂಡುಕೊಂಡವರು. ಜಿ. ಪಿ. ರಾಜರತ್ನಂ ಅವರು ಶಿಶುಗೀತೆಗಳನ್ನು ಬರೆಯತೊಡಗಿದ್ದೂ ಪಠ್ಯದಲ್ಲಿದ್ದ ಪದ್ಯಗಳು ಮಕ್ಕಳಿಗೆ ತಕ್ಕುವಾಗಿಲ್ಲವೆಂದು ಪಾಠ ಹೇಳುವಾಗ ಅನ್ನಿಸಿದ್ದರಿಂದ. ಶಿವರಾಮ ಕಾರಂತರು 1936ರಲ್ಲಿ ಮೂರು ಸಂಪುಟಗಳ 'ಬಾಲ ಪ್ರಪಂಚ'ವನ್ನು ಒಬ್ಬರೇ ಬರೆದು ಕನ್ನಡದ ಮಕ್ಕಳ ಮುಂದಿಟ್ಟರು. ಪುತ್ತೂರಿನಲ್ಲಿ ಅದೇ ವಯಸ್ಸಿನ ಮಕ್ಕಳನ್ನು ಕಟ್ಟಿಕೊಂಡು ನಾಟಕ, ನೃತ್ಯಗಳ ಪ್ರಯೋಗ ನಡೆಸಿದವರೂ ಅವರೇ. ಜ್ಞಾನಪೀಠ ಪಡೆದ ಲೇಖಕರು ಮಕ್ಕಳೊಡನೆ ಕುಣಿದಿದ್ದರು ಎಂಬುದನ್ನು ಘನತೆಯ ಚರ್ಚೆಗೆ ಇಷ್ಟರಮಟ್ಟಿಗೆ ಸೇರಿಸಿ, ಮುಂದಕ್ಕೆ ಹೋಗುತ್ತೇನೆ.

ಎರಡನೆಯ ಆಕ್ಷೇಪ ಗಟ್ಟಿಯಾದದ್ದು. ಲೇಖಕರು ಶಾಲೆಗೆ ಬಂದಾಗ ನಿಜವಾಗಿ ಏನು ನಡೆಯುತ್ತದೆ ಎಂಬುದನ್ನು ಯೋಚಿಸದೆ ಅದಕ್ಕೆ ಉತ್ತರ ಹೇಳಲಾಗದು. ಹಾರ ಹಾಕಿ, ಶಾಲು ಹೊದಿಸಿ, ಅತಿಥಿಗಳ ಸಾಧನೆಗಳ ಪಟ್ಟಿ ಓದಿ, 'ಮಕ್ಕಳೇ, ಪುಸ್ತಕವೇ ನಿಮ್ಮ ಗೆಳೆಯ' ಎಂದು ಉಪದೇಶಿಸಿ ಕಳುಹಿಸುವ ಸಭೆಯಾದರೆ ತಮ್ಮ ಮಾತು ಅಕ್ಷರಶಃ ಸರಿ. ಅದು ಒಂದು ವಾರ ಇರಲಿ, ಸಂಜೆಯವರೆಗೂ ಉಳಿಯುವುದಿಲ್ಲ. ಪುಸ್ತಕ ಓದಬೇಕೆಂದು ಯಾರೋ ಹೇಳಿದರೆಂದು ಪುಸ್ತಕ ಹಿಡಿದ ಮಗುವನ್ನು ನಾನು ಇನ್ನೂ ಕಂಡಿಲ್ಲ. ಲೇಖಕಿ ಚೀಲದಿಂದ ಪುಸ್ತಕ ತೆಗೆದು, ಮಕ್ಕಳ ನಡುವೆ ನೆಲದ ಮೇಲೆ ಕುಳಿತು, ಮೊದಲ ಸಾಲಿನಿಂದ ಓದಲು ತೊಡಗಿದರೆ ನಡೆಯುವುದು ಬೇರೆಯೇ ಕೆಲಸ. ಅದು ತಮಗೆ ಹೊಸದಾಗಿರಲಾರದು. ಆದರೂ ಸ್ವಲ್ಪ ಬಿಡಿಸಿ ಹೇಳಲು ಅಪ್ಪಣೆ ಬೇಡುತ್ತೇನೆ.

ಕನ್ನಡದ ಅಕ್ಷರಮಾಲೆಯನ್ನು ಕಲಿತ ಮಗು ಕನ್ನಡದ ಪುಸ್ತಕವನ್ನು ಓದಬಲ್ಲದೆಂದು ನಾವು ಸುಲಭವಾಗಿ ತಿಳಿದುಬಿಡುತ್ತೇವೆ. ಮೂಲಾಕ್ಷರಗಳ ನಂತರ ಕಾಗುಣಿತ, ಕಾಗುಣಿತದ ನಂತರ ಒತ್ತಕ್ಷರ, ಅದರಲ್ಲಿಯೂ ಒಂದೇ ಅಕ್ಷರಕ್ಕೆ ಎರಡು ಒತ್ತು ಬರುವ 'ರಾಷ್ಟ್ರ', 'ಸ್ವಾತಂತ್ರ್ಯ'ದಂತಹ ಪದಗಳು: ಈ ಮೆಟ್ಟಿಲುಗಳನ್ನು ಏರುವಷ್ಟರಲ್ಲಿ ಮಗುವಿಗೆ ಏಳೆಂಟು ವರ್ಷ ತುಂಬಿರುತ್ತದೆ. ಅಷ್ಟು ಹೊತ್ತಿಗೆ ಅದರ ಕಿವಿ ಎಷ್ಟೋ ದೂರ ನಡೆದಿರುತ್ತದೆ. ಅಜ್ಜಿಯ ಬಾಯಿಂದ ಅರ್ಧ ಗಂಟೆಯ ಕಥೆಯನ್ನು ಎಳೆ ತಪ್ಪದೆ ಕೇಳಬಲ್ಲ ಮಗುವೇ ಪುಸ್ತಕ ಹಿಡಿದಾಗ ಒಂದೊಂದೇ ಅಕ್ಷರವನ್ನು ಕೂಡಿಸಿಕೊಂಡು ಕುಂಟುತ್ತದೆ. ಕನ್ನಡದ ವಾಕ್ಯದಲ್ಲಿ ಕ್ರಿಯಾಪದ ಬರುವುದು ಕೊನೆಗೆ. ವಾಕ್ಯ ಉದ್ದವಾದರೆ, ಯಾರು ಏನು ಮಾಡಿದರೆಂಬುದು ತಿಳಿಯುವ ಹೊತ್ತಿಗೆ, ಮೊದಲು ಓದಿದ್ದು ಮರೆತುಹೋಗಿರುತ್ತದೆ. ಓದು ಬೇಸರ ತರಿಸುವುದು ಇಲ್ಲಿ. ಮೊಬೈಲ್ ಬರುವುದಕ್ಕೆ ಎಷ್ಟೋ ಮೊದಲು, ತಾವು ಪಾಠ ಹೇಳುತ್ತಿದ್ದ ಕಾಲದಲ್ಲಿಯೂ, ಈ ಜಾಗದಲ್ಲಿ ಪುಸ್ತಕವನ್ನು ಕೆಳಗಿಟ್ಟ ಮಕ್ಕಳಿದ್ದರು.

ಇನ್ನೊಂದು ತೊಡಕೂ ಇದೆ. ಪುಸ್ತಕದ ಕನ್ನಡ ಯಾವ ಮನೆಯ ಕನ್ನಡವೂ ಅಲ್ಲ. ಕಲಬುರಗಿಯ ಮಗುವಿಗೂ ಮಂಡ್ಯದ ಮಗುವಿಗೂ ಅದು ಅಷ್ಟಿಷ್ಟು ದೂರದ್ದೇ. ತುಳು, ಕೊಂಕಣಿ, ಕೊಡವ, ಬ್ಯಾರಿ, ಉರ್ದು, ಲಂಬಾಣಿ ಮಾತಾಡುವ ಮನೆಗಳ ಮಕ್ಕಳಿಗಂತೂ ಕನ್ನಡವೇ ಶಾಲೆಯಲ್ಲಿ ಕಲಿಯಬೇಕಾದ ಭಾಷೆ. ಆ ಮಗುವಿಗೆ ಅಚ್ಚಿನ ವಾಕ್ಯದ ರಾಗ ಗೊತ್ತಿರುವುದಿಲ್ಲ. ಎಲ್ಲಿ ನಿಲ್ಲಬೇಕು, ಯಾವ ಪದವನ್ನು ಎತ್ತಿ ಹೇಳಬೇಕು, ಎಲ್ಲಿ ನಗೆ ಅಡಗಿದೆ ಎಂಬುದನ್ನು ಅಚ್ಚಿನ ಪುಟ ತಾನಾಗಿ ಹೇಳಿಕೊಡುವುದಿಲ್ಲ. ಬರೆದವರೇ ಓದಿದಾಗ ಮಗುವಿನ ಕಿವಿಗೆ ಮೊದಲು ಬೀಳುವುದು ಆ ರಾಗ. ಆಮೇಲೆ ಅದೇ ಪುಸ್ತಕವನ್ನು ತಾನು ತೆರೆದಾಗ, ಕೇಳಿದ ದನಿ ಒಳಗೇ ಕುಳಿತು ಸಾಲನ್ನು ಮುಂದಕ್ಕೆ ಎಳೆದುಕೊಂಡು ಹೋಗುತ್ತದೆ. ಪಂಜೆಯವರ ಹಾವಿನ ಪದ್ಯದಲ್ಲಿ ಹಾವನ್ನು ಕರೆಯುವ ಒಂದಕ್ಷರದ ಪದ ಮತ್ತೆ ಮತ್ತೆ ಬರುವುದನ್ನು ನೆನಪಿಸಿಕೊಳ್ಳಿ. ಕೇಳಿ ಬಾಯಿಪಾಠವಾದ ಮೇಲೆ, ಅಕ್ಷರವನ್ನು ಈಗಷ್ಟೇ ಕಲಿತ ಮಗುವೂ ಆ ಸಾಲಿನ ಮೇಲೆ ಬೆರಳಿಟ್ಟು ತಾನು ಓದಿದೆನೆಂದು ಹಿಗ್ಗಬಹುದು. ಆ ಹಿಗ್ಗು ಸುಳ್ಳಲ್ಲ. ಓದು ಮೊದಲು ಹೀಗೆಯೇ ಆಗುವುದು.

ಮಕ್ಕಳ ಮುಂದೆ ಓದುವುದರಿಂದ ಲೇಖಕರಿಗೆ ಆಗುವ ಲಾಭವೂ ಕಡಿಮೆಯದಲ್ಲ. ಕುಳಿತ ಮಕ್ಕಳಲ್ಲಿ ಹಿಂದಿನ ಸಾಲಿನವರು ಯಾವ ಪುಟಕ್ಕೆ ಕಿಟಕಿಯ ಕಡೆ ತಿರುಗಿದರೆಂಬುದನ್ನು ಯಾವ ವಿಮರ್ಶಕರೂ ತಿಳಿಸಿಕೊಡಲಾರರು. ನೀತಿಯನ್ನು ಕೊನೆಗೆ ಅಂಟಿಸಿದ ಕಥೆಗೆ ಮಕ್ಕಳು ಮರ್ಯಾದೆಗಾಗಿ ಚಪ್ಪಾಳೆ ತಟ್ಟುತ್ತಾರೆ, ಮತ್ತೊಮ್ಮೆ ಓದಿ ಎಂದು ಕೇಳುವುದಿಲ್ಲ. ರಾಜರತ್ನಂ ಅವರ ತುತ್ತೂರಿಯ ಹುಡುಗನೂ ಜಂಬ ಕೊಚ್ಚಿಕೊಂಡು ಕೆಡುವವನೇ. ಆದರೆ ಅಲ್ಲಿ ಮಗು ನಗುವುದರಲ್ಲಿ ಮುಳುಗಿರುವಾಗ ಬುದ್ಧಿಮಾತು ಸದ್ದಿಲ್ಲದೆ ಒಳಗೆ ಹೋಗಿರುತ್ತದೆ. ನಮ್ಮ ಕಚೇರಿಗೆ ಬರುವ ಮಕ್ಕಳ ಕಥೆಗಳಲ್ಲಿ ಮುಕ್ಕಾಲು ಪಾಲನ್ನು ಬರೆದವರು, ಒಂದು ಮಗುವಿಗೂ ಅವನ್ನು ಓದಿ ಹೇಳಿರಲಾರರು ಎಂದು ನನಗೆ ಅನೇಕ ಸಲ ಅನ್ನಿಸಿದೆ. ಇದು ಸಂಪಾದಕನ ಗೊಣಗಾಟ ಎಂದು ಬಿಟ್ಟುಬಿಡಿ.

ಈಗ ಬೀರುವಿನ ವಿಷಯ. ತಮ್ಮ ಪತ್ರದಲ್ಲಿ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ್ದು ಇದೇ. ಕೇಳಿದ ದನಿ ಮಗುವಿನ ಕಿವಿಯಲ್ಲಿ ಉಳಿಯುವುದು ಕೆಲವೇ ದಿನ. ಅಷ್ಟರೊಳಗೆ ಅದೇ ಪುಸ್ತಕ ಕೈಗೆ ಸಿಕ್ಕರೆ ಓದು ಮುಂದುವರಿಯುತ್ತದೆ, ಸಿಗದಿದ್ದರೆ ಲೇಖಕಿ ಪಟ್ಟ ಶ್ರಮ ಒಂದು ಮಧ್ಯಾಹ್ನದ ಮನರಂಜನೆಯಾಗಿ ಮುಗಿಯುತ್ತದೆ. ಆದ್ದರಿಂದ ತಾವು ಕಂಡದ್ದು ನಿಜ, ಆದರೆ ಅದರಿಂದ ತೆಗೆದ ತೀರ್ಮಾನಕ್ಕೆ ನನ್ನ ಒಪ್ಪಿಗೆಯಿಲ್ಲ. ಆ ಶಾಲೆಯಲ್ಲಿ ಸೋತದ್ದು ಲೇಖಕರ ಭೇಟಿಯಲ್ಲ; ಭೇಟಿಯ ಮರುದಿನದ ಕೆಲಸವನ್ನು ಯಾರೂ ಮಾಡಲಿಲ್ಲ.

ಮುಖ್ಯೋಪಾಧ್ಯಾಯರನ್ನು ಖಳನಾಯಕರನ್ನಾಗಿ ಮಾಡಲೂ ನನಗೆ ಇಷ್ಟವಿಲ್ಲ. ದಾಸ್ತಾನು ವಹಿಗೆ ಏರಿದ ವಸ್ತುವಿಗೆ ಅವರು ಉತ್ತರ ಹೇಳಬೇಕು. ಲೆಕ್ಕ ನೋಡಲು ಬಂದವರು ಕೇಳುವುದು ಎಷ್ಟು ಪುಸ್ತಕ ಇದೆಯೆಂದು, ಎಷ್ಟು ಮಕ್ಕಳು ಓದಿದರೆಂದಲ್ಲ. ಓದಿ ಓದಿ ಹರಿದ ಪುಸ್ತಕ ವಹಿಯ ಕಣ್ಣಿಗೆ ನಷ್ಟ, ಬೀಗದೊಳಗೆ ಹೊಸದಾಗಿಯೇ ಉಳಿದದ್ದು ಸುರಕ್ಷಿತ. ಈ ಕಾಯಿಲೆ ಹಳೆಯದು. 1931ರಲ್ಲಿ ಎಸ್. ಆರ್. ರಂಗನಾಥನ್ ಅವರು ಗ್ರಂಥಾಲಯಶಾಸ್ತ್ರದ ಐದು ಸೂತ್ರಗಳನ್ನು ಪ್ರಕಟಿಸಿದಾಗ, ಪುಸ್ತಕಗಳು ಇರುವುದು ಬಳಕೆಗಾಗಿ ಎಂಬುದನ್ನೇ ಮೊದಲನೆಯದಾಗಿ ಇಟ್ಟರು. ಯುರೋಪಿನ ಗ್ರಂಥಾಲಯಗಳಲ್ಲಿ ಒಂದು ಕಾಲಕ್ಕೆ ಪುಸ್ತಕಗಳನ್ನು ಸರಪಳಿ ಹಾಕಿ ಕಟ್ಟುತ್ತಿದ್ದುದನ್ನು ಆ ಸಂದರ್ಭದಲ್ಲಿಯೇ ಅವರು ನೆನೆಯುತ್ತಾರೆ. ಸರಪಳಿ ಹೋಗಿ ಬೀಗ ಬಂದಿದೆ. ಕರ್ನಾಟಕಕ್ಕೆ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ 1965ರಲ್ಲಿಯೇ ಬಂದಿದೆ. 'ಓದುವ ಬೆಳಕು' ಕಾರ್ಯಕ್ರಮದಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 6ರಿಂದ 18 ವರ್ಷದ ಮಕ್ಕಳನ್ನು ಶುಲ್ಕವಿಲ್ಲದೆ ಸದಸ್ಯರನ್ನಾಗಿ ಮಾಡಿಕೊಳ್ಳುತ್ತಿವೆ. ಶಾಲೆಯ ಬೀರು ತೆರೆಯದಿದ್ದರೆ ಮಗು ಹೋಗಬಹುದಾದ ಇನ್ನೊಂದು ಬಾಗಿಲು ಇದೆ ಎಂಬುದನ್ನು ಬರುವ ಲೇಖಕರೂ ತಿಳಿದಿರಬೇಕು, ಮಕ್ಕಳಿಗೂ ತಿಳಿಸಬೇಕು.

ನಮ್ಮ ಲೇಖನದಲ್ಲಿದ್ದ ಕೊರತೆಯನ್ನೂ ಇಲ್ಲಿ ಒಪ್ಪಿಕೊಳ್ಳಬೇಕು. ಲೇಖಕಿ ಎಷ್ಟು ಶಾಲೆಗಳಿಗೆ ಹೋದರೆಂಬುದನ್ನು ಹೆಮ್ಮೆಯಿಂದ ಬರೆದೆವು, ಹಾರ ಹಾಕಿಸಿಕೊಂಡ ಚಿತ್ರವನ್ನೂ ಅಚ್ಚು ಹಾಕಿದೆವು. ಒಂದೇ ಒಂದು ಶಾಲೆಗೆ ತಿಂಗಳ ನಂತರ ಮರಳಿ ಹೋಗಿ, ಆ ಪುಸ್ತಕಗಳು ಎಲ್ಲಿವೆ ಎಂದು ನೋಡಲಿಲ್ಲ. ತಮ್ಮ ಪತ್ರ ಬಂದ ಮೇಲೆ ಆ ಲೇಖಕಿಗೆ ದೂರವಾಣಿ ಮಾಡಿ ಬೀರುವಿನ ಕಥೆಯನ್ನು ಹೇಳಿದೆ. ಅವರು ನಕ್ಕು, ತಮಗೂ ಅಂಥ ಬೀರುಗಳು ಎದುರಾಗಿವೆಯೆಂದೂ, ಆಮೇಲಿಂದ ಪುಸ್ತಕಗಳನ್ನು ಶಾಲೆಯ ಹೆಸರಿಗೆ ಕೊಡುವುದನ್ನು ಬಿಟ್ಟು ತರಗತಿಯ ಮಕ್ಕಳ ಕೈಗೇ ಕೊಟ್ಟು, ಅವರಲ್ಲಿಯೇ ಇಬ್ಬರಿಗೆ ಒಂದು ನೋಟುಪುಸ್ತಕದಲ್ಲಿ ಯಾರು ಯಾವುದನ್ನು ಒಯ್ದರೆಂದು ಬರೆದಿಡುವ ಹೊಣೆ ವಹಿಸುತ್ತಿರುವುದಾಗಿಯೂ ಹೇಳಿದರು. ಕೆಲವು ಪುಸ್ತಕ ಕಳೆದುಹೋಗುತ್ತವಂತೆ. ಕಳೆದುಹೋದದ್ದು ಯಾವುದಾದರೂ ಮನೆಯಲ್ಲಿಯೇ ಇರುತ್ತದೆಯಲ್ಲ ಎಂದರು.

ಅನುಪಮಾ ನಿರಂಜನ ಅವರು ವರ್ಷದ ಪ್ರತಿ ದಿನಕ್ಕೂ ಒಂದರಂತೆ ಹನ್ನೆರಡು ಸಂಪುಟಗಳಲ್ಲಿ ಕಥೆಗಳನ್ನು ಒದಗಿಸಿದರು. ವೈದ್ಯವೃತ್ತಿಯಲ್ಲಿದ್ದ ಆ ಲೇಖಕಿ ಪ್ರತಿ ಮಗುವಿನ ಬಳಿಗೂ ಹೋಗಲಾಗುತ್ತಿರಲಿಲ್ಲ. ಪುಸ್ತಕದ ರಚನೆಯೇ ಅವರ ಪರವಾಗಿ ಆ ಕೆಲಸ ಮಾಡಿತು. ಇಂದು ಇದನ್ನು ಓದಿದರೆ ನಾಳೆಗೆ ಇನ್ನೊಂದು ಕಾದಿದೆ ಎಂಬ ಆಸೆಯನ್ನು ಮನೆಯ ದೊಡ್ಡವರ ಮೂಲಕ ಮಗುವಿಗೆ ಹಚ್ಚಿತು. ಲೇಖಕರು ಎಲ್ಲೆಡೆ ಹೋಗಲಾರರು ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಹೊಳೆಯುವುದಿಲ್ಲ. ಆದರೆ ಅಲ್ಲಿಯೂ ಸಂಪುಟ ಮನೆಯ ಮಗುವಿಗೆ ನಿಲುಕುವ ಎತ್ತರದಲ್ಲಿರಬೇಕು, ಓದಿ ಹೇಳುವ ಒಂದು ಬಾಯಿ ಇರಬೇಕು.

ಆ ಬಾಯಿ ತಮ್ಮದಾಗಿರಬಾರದೇಕೆ ಎಂದು ಕೇಳುವ ಸಲಿಗೆಯನ್ನು ತಮ್ಮ ನಾಲ್ಕು ಪುಟಗಳೇ ನನಗೆ ಕೊಟ್ಟಿವೆ. ಆ ನಲವತ್ತು ಪುಸ್ತಕಗಳು ಇನ್ನೂ ಅದೇ ಬೀರುವಿನಲ್ಲಿರಬಹುದು. ಬೀಗದ ಕೈ ಈಗ ಯಾರ ಬಳಿ ಇದೆಯೆಂದು ತಾವೊಮ್ಮೆ ವಿಚಾರಿಸಿ ಬರೆದರೆ, ನಮ್ಮ ಮುಂದಿನ ಲೇಖನವನ್ನು ಅಲ್ಲಿಂದಲೇ ಆರಂಭಿಸುತ್ತೇವೆ.

— ಸಂಪಾದಕ